207 ಮೀಟರ್ ಎತ್ತರದಲ್ಲಿ ಒಂದು ಊಟ

ಬರ್ಲಿನ್ನಿನಲ್ಲಿ ಊಟದ ರುಚಿ ಬಲ್ಲವರನ್ನು ಕೇಳಿದರೆ, ಟಿವಿ ಗೋಪುರದ ಮೇಲಿನ ಹೋಟೆಲಿಗೆ ಹೋಗಬೇಡಿ ಎಂದೇ ಹೇಳುತ್ತಾರೆ. ಅಲ್ಲಿ ದುಡ್ಡು ಕೊಡುವುದು ಕಿಟಕಿಗೆ, ತಟ್ಟೆಗಲ್ಲ ಎನ್ನುವುದು ಅವರ ವಾದ. ಮೇಲೇರುವುದಕ್ಕೆ ಒಂದು ಟಿಕೆಟ್, ಊಟಕ್ಕೆ ಬೇರೆ ಬಿಲ್ಲು. ಅಷ್ಟು ಹಣಕ್ಕೆ ನೊಯ್‌ಕೋಲ್ನ್ ಬಡಾವಣೆಯ ಯಾವುದಾದರೂ ಲೆಬನಾನಿ ಅಂಗಡಿಯಲ್ಲಿ ಇಡೀ ಮನೆಮಂದಿ ಹೊಟ್ಟೆ ತುಂಬ ಉಣ್ಣಬಹುದು. ಈ ವಾದದಲ್ಲಿ ಸುಳ್ಳೇನೂ ಇಲ್ಲ. ಆದರೂ ಊರಿನಿಂದ ಬರುವ ನೆಂಟರಿಗೆ, ಇಲ್ಲಿನ ಕಂಪನಿಗಳಿಗೆ ಹೊಸದಾಗಿ ಬಂದು ಸೇರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ನಾನು ಪಟ್ಟುಹಿಡಿದು ಹೇಳುತ್ತೇನೆ: ಒಂದೇ ಒಂದು ಸಲವಾದರೂ ಅಲ್ಲಿ ಮೇಜು ಕಾಯ್ದಿರಿಸಿ, ಕುಳಿತು ಉಣ್ಣಿ. ಬರೀ ಸೂಪು, ಬ್ರೆಡ್ಡು ತೆಗೆದುಕೊಂಡರೂ ಸರಿ. ಏಕೆಂದರೆ ಈ ಊರನ್ನು ನಿಂತು ನೋಡುವುದು ಬೇರೆ, ಕುಳಿತು ನೋಡುವುದು ಬೇರೆ.

ನಿಂತು ನೋಡುವವರಿಗೆಂದು 203 ಮೀಟರ್ ಎತ್ತರದಲ್ಲಿ ವೀಕ್ಷಣಾ ಮಹಡಿಯೇ ಇದೆ. ಲಿಫ್ಟು ನಲವತ್ತು ಸೆಕೆಂಡುಗಳಲ್ಲಿ ಅಲ್ಲಿಗೆ ಮುಟ್ಟಿಸುತ್ತದೆ. ಜನ ಹೊರಬರುತ್ತಾರೆ, ಮೊಬೈಲ್ ಎತ್ತುತ್ತಾರೆ, ಬ್ರಾಂಡೆನ್‌ಬುರ್ಗ್ ದ್ವಾರ ಯಾವ ಕಡೆ ಎಂದು ಕೇಳುತ್ತಾರೆ, ಕಂಡಮೇಲೆ ಇಷ್ಟು ಚಿಕ್ಕದೇ ಎನ್ನುತ್ತಾರೆ, ಒಂದು ಸುತ್ತು ಹಾಕಿ ಮತ್ತೆ ಲಿಫ್ಟಿನ ಸಾಲಿನಲ್ಲಿ ನಿಲ್ಲುತ್ತಾರೆ. ಹದಿನೈದು ನಿಮಿಷಕ್ಕೆ ಎಲ್ಲ ಮುಗಿದಿರುತ್ತದೆ. ಅದಕ್ಕಿಂತ ತುಸು ಮೇಲೆ, 207 ಮೀಟರ್‌ನಲ್ಲಿ, ಮೇಜುಗಳಿರುವ ಮಹಡಿಯದು ಬೇರೆಯೇ ಲೆಕ್ಕ. ಅಲ್ಲಿ ಅವಸರ ಮಾಡುವ ಹಾಗಿಲ್ಲ. ನೆಲ ಎಷ್ಟು ನಿಧಾನವಾಗಿ ತಿರುಗುತ್ತದೆಯೋ ಅಷ್ಟೇ ನಿಧಾನವಾಗಿ ಊರು ಕಾಣಿಸಿಕೊಳ್ಳುತ್ತದೆ. ನಮ್ಮಲ್ಲಿ ಭಕ್ತರು ದೇವರನ್ನು ಸುತ್ತುತ್ತಾರೆ. ಇಲ್ಲಿ ನಾವು ಕೂತಲ್ಲೇ ಕೂತಿರುತ್ತೇವೆ, ಮೂವತ್ತೈದು ಲಕ್ಷಕ್ಕೂ ಹೆಚ್ಚು ಜನರಿರುವ ಊರು ನಮ್ಮ ಸುತ್ತ ಪ್ರದಕ್ಷಿಣೆ ಬರುತ್ತದೆ.

ತಿರುಗುವುದು ಮೇಜು ಕುರ್ಚಿಗಳಿರುವ ಹೊರವರ್ತುಲ ಮಾತ್ರ. ಲಿಫ್ಟು, ಮೆಟ್ಟಿಲು, ಊಟ ಬರುವ ಬಾಗಿಲು ಎಲ್ಲವೂ ನಡುವಿನ ಅಲ್ಲಾಡದ ಭಾಗದಲ್ಲಿವೆ. ತಟ್ಟೆ ತರಲು ಒಳಗೆ ಹೋದ ಮಾಣಿ ಹೊರಗೆ ಬರುವಷ್ಟರಲ್ಲಿ ಅವನ ಮೇಜುಗಳು ಮುಂದೆ ಸರಿದಿರುತ್ತವೆ. ಹೊಸಬರಾದರೆ ಒಂದು ಕ್ಷಣ ಕಣ್ಣಾಡಿಸುತ್ತಾರೆ, ಅನುಭವಿಗಳು ಎಷ್ಟು ಹೆಜ್ಜೆ ಪಕ್ಕಕ್ಕೆ ಇಡಬೇಕೆಂದು ಕಾಲಿನಲ್ಲೇ ಅಳೆದಿರುತ್ತಾರೆ. ಕಿಟಕಿಯೂ ಅದರ ಕಟ್ಟೆಯೂ ಅಲ್ಲಾಡುವುದಿಲ್ಲ. ನಾನು ಹೋಗಿದ್ದ ಸಂಜೆ ಮುಂದಿನ ಮೇಜಿನ ಹುಡುಗನೊಬ್ಬ ಕಾಗದದಲ್ಲಿ ರೈಲು ಬರೆದು ಆ ಕಟ್ಟೆಯ ಮೇಲೆ ಇಟ್ಟುಬಿಟ್ಟ. ಮೇಜು ಸರಿಯಿತು, ರೈಲು ಅಲ್ಲೇ ಉಳಿಯಿತು, ಸ್ವಲ್ಪ ಹೊತ್ತಿಗೆ ಅದು ನಮ್ಮ ಮೇಜಿನ ಪಕ್ಕಕ್ಕೆ ಬಂದಿತ್ತು. ಬೋಗಿಗಳಿಗೆ ಹಳದಿ ಬಣ್ಣ, ಕಿಟಕಿಗಳಲ್ಲಿ ನಗುವ ಮುಖಗಳು. ನಾವು ಅದಕ್ಕೊಂದು ಸೂರ್ಯನನ್ನು ಬರೆದು ಹಾಗೆಯೇ ಬಿಟ್ಟೆವು. ಹಿಂದಿನ ಮೇಜಿನವರು ಇನ್ನೇನೋ ಸೇರಿಸಿದರು. ಆ ಹುಡುಗ ಕುತ್ತಿಗೆ ತಿರುಗಿಸಿ ತಿರುಗಿಸಿ ತನ್ನ ರೈಲಿನ ಪಯಣವನ್ನು ನೋಡುತ್ತಿದ್ದ. ಅಪರಿಚಿತರು ಹೀಗೆ ಒಂದೇ ಕಾಗದಕ್ಕೆ ಕೈಹಾಕುವ ಹೋಟೆಲನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗೋಪುರದ ಮೇಲೆ ಊಟ ಹಾಕುವ ಉಪಾಯ ಬರ್ಲಿನ್ನಿನದಲ್ಲ. ಪ್ಯಾರಿಸ್ಸಿನ ಐಫೆಲ್ ಗೋಪುರದ ಮೊದಲ ಮಹಡಿಯಲ್ಲಿ 1889ರಲ್ಲೇ ನಾಲ್ಕು ಊಟದ ಮನೆಗಳಿದ್ದವು. ಟಿವಿ ಪ್ರಸಾರಕ್ಕೆ ಕಾಂಕ್ರೀಟಿನ ಕಂಬ, ಅದರ ತಲೆಯ ಮೇಲೆ ಜನ ಕುಳಿತು ಉಣ್ಣುವ ಕೋಣೆ ಎಂಬ ಜೋಡಿ ಮೊದಲು ಹೊಂದಿದ್ದು ಪಶ್ಚಿಮ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ, 1956ರಲ್ಲಿ. ಡಾರ್ಟ್‌ಮುಂಡ್‌ನ ಗೋಪುರ 1959ರಲ್ಲಿ ಆ ಕೋಣೆಯನ್ನು ತಿರುಗಿಸಿತು. 1962ರಲ್ಲಿ ಅಮೆರಿಕದ ಸಿಯಾಟಲ್, 1967ರಲ್ಲಿ ಮಾಸ್ಕೋದ ಒಸ್ತಾಂಕಿನೊ. ಅಮೆರಿಕದ ಕಡೆ, ಸೋವಿಯತ್ ಕಡೆ ಎಂದು ಹಂಚಿಹೋಗಿದ್ದ ಎರಡೂ ಬಣಗಳು ಕ್ಷಿಪಣಿಗಳಲ್ಲಿ ಪೈಪೋಟಿ ನಡೆಸಿದ ಕಾಲದಲ್ಲೇ ಎತ್ತರದಲ್ಲಿ ಕಾಫಿ ಕೊಡುವುದರಲ್ಲೂ ಪೈಪೋಟಿ ನಡೆಸಿದವು. ಯುದ್ಧದ ನಂತರ ಇಬ್ಭಾಗವಾದ ಜರ್ಮನಿಯ ಕಮ್ಯುನಿಸ್ಟ್ ಭಾಗವಾದ ಪೂರ್ವ ಜರ್ಮನಿ ಆ ಸಾಲಿಗೆ ಸೇರಿದ್ದು 1969ರ ಅಕ್ಟೋಬರ್ 3ರಂದು. ತನ್ನ ಇಪ್ಪತ್ತನೆಯ ಹುಟ್ಟುಹಬ್ಬಕ್ಕೆ ನಾಲ್ಕು ದಿನ ಮುಂಚೆ ಆ ದೇಶ ಗೋಪುರವನ್ನು ಉದ್ಘಾಟಿಸಿತು, ಅದೇ ದಿನ ಎರಡನೆಯ ಟಿವಿ ವಾಹಿನಿಯನ್ನೂ ಬಣ್ಣದ ಪ್ರಸಾರವನ್ನೂ ಆರಂಭಿಸಿತು. ಇಪ್ಪತ್ತೊಂದು ವರ್ಷಗಳ ನಂತರ, 1990ರಲ್ಲಿ, ಅದೇ ಅಕ್ಟೋಬರ್ 3ರಂದು ಆ ದೇಶವೇ ಇಲ್ಲವಾಗಿ ಎರಡು ಜರ್ಮನಿಗಳು ಒಂದಾದವು. ಹಾಗಾಗಿ ಗೋಪುರದ ಹುಟ್ಟುಹಬ್ಬಕ್ಕೆ ಈಗ ಪ್ರತಿ ವರ್ಷ ರಾಷ್ಟ್ರೀಯ ರಜೆ.

ಗೋಪುರ ಊರಿನ ನಟ್ಟನಡುವೆ ನಿಂತಿರುವುದೂ ಮೊದಲ ಯೋಚನೆಯಲ್ಲ. 1950ರ ದಶಕದಲ್ಲಿ ನಗರದ ಆಗ್ನೇಯಕ್ಕಿರುವ ಮ್ಯೂಗೆಲ್ ಗುಡ್ಡಗಳ ಮೇಲೆ ಕೆಲಸ ಆರಂಭವಾಗಿತ್ತು. ಶೋನೆಫೆಲ್ಡ್ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳಿಗೆ ಅದು ಅಡ್ಡವಾಗುತ್ತದೆಂದು ಅರ್ಧಕ್ಕೇ ಕೈಬಿಟ್ಟರು. ಕೊನೆಗೆ ಪೂರ್ವ ಜರ್ಮನಿಯ ನಾಯಕ ವಾಲ್ಟರ್ ಉಲ್ಬ್ರಿಖ್ಟ್ ಅವರ ಸರ್ಕಾರ ಆರಿಸಿಕೊಂಡದ್ದು ಅಲೆಕ್ಸಾಂಡರ್‌ಪ್ಲಾಟ್ಸ್ ಪಕ್ಕದ ಜಾಗವನ್ನು. ಎರಡನೆಯ ಮಹಾಯುದ್ಧದಲ್ಲಿ ಅಳಿದು ಉಳಿದಿದ್ದ ಹಳೆಯ ಓಣಿಗಳನ್ನು ಕೆಡವಿ ಅಲ್ಲಿ ನೆಲ ಸಮಮಾಡಿದರು. ತುದಿಯಲ್ಲೊಂದು ಗುಂಡು ಇರಲಿ, ಆಕಾಶಕ್ಕೆ ಹಾರಿದ ಸೋವಿಯತ್ ಉಪಗ್ರಹ ಸ್ಪುಟ್ನಿಕ್ಕನ್ನು ಅದು ನೆನಪಿಸಲಿ ಎಂಬ ಕಲ್ಪನೆ ವಾಸ್ತುಶಿಲ್ಪಿ ಹೆರ್ಮನ್ ಹೆನ್‌ಸೆಲ್‌ಮನ್ ಅವರದು. ಅದನ್ನು ಕಟ್ಟಡವಾಗಿ ರೂಪಿಸಿದವರು ಬೇರೆಯವರು. 1965ರಲ್ಲಿ ಕೆಲಸ ಶುರುವಾಗಿ ನಾಲ್ಕು ವರ್ಷಗಳಲ್ಲಿ 365 ಮೀಟರ್ ಎತ್ತರದ ಗೋಪುರ ಎದ್ದು ನಿಂತಿತು. 1990ರ ದಶಕದಲ್ಲಿ ಆಂಟೆನಾ ಬದಲಿಸಿದ ಮೇಲೆ 368 ಮೀಟರ್ ಆಯಿತು. ಜರ್ಮನಿಯಲ್ಲಿ ಇದಕ್ಕಿಂತ ಎತ್ತರದ ಕಟ್ಟಡ ಇವತ್ತಿಗೂ ಇಲ್ಲ.

ನನ್ನನ್ನು ಮತ್ತೆ ಮತ್ತೆ ಅಲ್ಲಿಗೆ ಕರೆದೊಯ್ಯುವುದು ಇನ್ನೊಂದು ಸಂಗತಿ. ಗೋಪುರ ತಲೆಯೆತ್ತುವ ಹೊತ್ತಿಗೆ, ತನ್ನ ಜನ ಪಶ್ಚಿಮಕ್ಕೆ ಹೋಗದಂತೆ ಪೂರ್ವ ಜರ್ಮನಿಯ ಸರ್ಕಾರ ಹಾಕಿದ ಬರ್ಲಿನ್ ಗೋಡೆ ಕೆಳಗೆ ಎದ್ದು ಎಂಟು ವರ್ಷವಾಗಿತ್ತು. 1961ರ ಆಗಸ್ಟ್ 13ರ ಬೆಳಗಿನ ಜಾವ ತಂತಿ ಬೇಲಿಯಾಗಿ ಆರಂಭವಾದ ಅದು ಪಶ್ಚಿಮ ಬರ್ಲಿನ್ನನ್ನು ಸುಮಾರು 155 ಕಿಲೋಮೀಟರ್ ಉದ್ದಕ್ಕೆ ಸುತ್ತುವರಿದಿತ್ತು. ಅದನ್ನು ದಾಟಲು ಹೋಗಿ, ಅದರ ಕಾವಲಿಗೆ ಸಿಕ್ಕಿ ಸತ್ತವರು ಕನಿಷ್ಠ 140 ಮಂದಿ. ಗೋಡೆಯ ಹತ್ತಿರದ ಬೀದಿಗಳಿಗೆ ಪೂರ್ವದವರು ಸುಮ್ಮನೆ ಅಡ್ಡಾಡಲು ಹೋಗುವಂತಿರಲಿಲ್ಲ. ಅಲ್ಲಿ ನಿಂತು ಆಚೆ ಇಣುಕುವುದಂತೂ ದೂರದ ಮಾತು. ಆದರೆ ಅದೇ ಸರ್ಕಾರ ತನ್ನ ಸಾಮರ್ಥ್ಯವನ್ನು ಲೋಕಕ್ಕೆ ತೋರಿಸಲೆಂದು ಗೋಡೆಯಿಂದ ಬರೀ ಎರಡು ಕಿಲೋಮೀಟರ್ ದೂರದಲ್ಲಿ, 207 ಮೀಟರ್ ಎತ್ತರದಲ್ಲಿ, ಮೇಜು ಹಾಕಿ ಜನರನ್ನು ಕೂರಿಸಿತು. ಮೇಲಾಗಿ ಮೇಜನ್ನು ತಿರುಗಿಸಿತು. ಆಗ ಅದು ಗಂಟೆಗೆ ಒಂದು ಸುತ್ತು ಬರುತ್ತಿತ್ತು. ಕಾಫಿ ಕುಡಿಯುತ್ತ ಕೂತವರ ಕಣ್ಣ ಮುಂದೆ ಕಾಲು ಹಾಕಲಾಗದ ಅರ್ಧ ಊರು ಸರದಿಯ ಪ್ರಕಾರ ಬಂದು ನಿಲ್ಲುತ್ತಿತ್ತು. ಟೀರ್‌ಗಾರ್ಟನ್ ಉದ್ಯಾನದ ಹಸಿರು, ವಿಜಯಸ್ತಂಭದ ಮೇಲಿನ ಚಿನ್ನದ ಬಣ್ಣದ ದೇವತೆ, ದೂರದಲ್ಲಿ ಪಶ್ಚಿಮದ ಅಂಗಡಿ ಬೀದಿಗಳು. ಅತ್ತ ನೋಡಬೇಡಿ ಎಂದು ಹೇಳುವ ಉಪಾಯವೇ ಸರ್ಕಾರಕ್ಕಿರಲಿಲ್ಲ. ನಿಂತು ನೋಡುವವರಾಗಿದ್ದರೆ ಬೆನ್ನು ತಿರುಗಿಸಬಹುದಿತ್ತು. ಇಲ್ಲಿ ಕುರ್ಚಿಯೇ ಅವರನ್ನು ಅತ್ತ ಒಯ್ಯುತ್ತಿತ್ತು.

ಒಂದು ನಿಯಮವಿತ್ತು: ಒಂದು ಗಂಟೆ ಮಾತ್ರ. ಒಂದು ಸುತ್ತು ಮುಗಿದರೆ ಏಳಬೇಕು, ಹೊರಗೆ ಕಾದಿರುವವರಿಗೆ ಜಾಗ ಬಿಡಬೇಕು. ಇದನ್ನು ನನಗೆ ಹೇಳಿದವರು ಕಚೇರಿಯ ಹಿರಿಯ ಸಹೋದ್ಯೋಗಿ, ಪೂರ್ವ ಬರ್ಲಿನ್ನಿನಲ್ಲೇ ಹುಟ್ಟಿ ಬೆಳೆದವರು. ನನ್ನೊಂದಿಗೆ ಮೇಲೆ ಬಂದಿದ್ದವರೂ ಅವರೇ. ಪೂರ್ವ ಜರ್ಮನಿಯಲ್ಲಿ ಹದಿನಾಲ್ಕು ವರ್ಷ ತುಂಬಿದ ಮಕ್ಕಳಿಗೆ ಯೂಗೆಂಡ್‌ವೈಹೆ ಎಂಬ ಸಮಾರಂಭ ನಡೆಯುತ್ತಿತ್ತು. ಚರ್ಚಿನ ವಿಧಿಗೆ ಬದಲಾಗಿ ಸರ್ಕಾರ ಬೆಳೆಸಿದ ಸಂಸ್ಕಾರ ಅದು: ಪ್ರತಿಜ್ಞೆ, ಹೂಗುಚ್ಛ, ಒಂದು ಪುಸ್ತಕ, ಆಮೇಲೆ ಮನೆಮಂದಿಯ ಜೊತೆ ಒಳ್ಳೆಯ ಊಟ. ಅವರ ತಂದೆ ಆ ಊಟಕ್ಕೆ ಇಲ್ಲಿಗೆ ಕರೆತಂದಿದ್ದರಂತೆ. ಹೊಸ ಬೂಟು ಕಚ್ಚುತ್ತಿತ್ತು, ಅಜ್ಜಿಗೆ ತಿರುಗುವ ನೆಲವೆಂದರೆ ಭಯ, ತಮ್ಮ ಐಸ್‌ಕ್ರೀಮ್ ಬಟ್ಟೆಯ ಮೇಲೆ ಚೆಲ್ಲಿಕೊಂಡ ಎಂದು ಒಂದೊಂದಾಗಿ ನೆನಪು ಮಾಡಿಕೊಂಡರು.

ಪಶ್ಚಿಮ ಬಂದಾಗ ಏನನ್ನಿಸಿತು ಎಂದು ನಾನು ಕೇಳಿದೆ. ಆ ಸಂಜೆಯ ಉದ್ದಕ್ಕೂ ನನ್ನ ನಾಲಿಗೆಯ ತುದಿಯಲ್ಲಿದ್ದ ಪ್ರಶ್ನೆ ಅದು. ಅವರು ತುಸು ಯೋಚಿಸಿ, ಅಪ್ಪ ಆ ಹೊತ್ತಿಗೆ ಮಾತು ನಿಲ್ಲಿಸಿದ್ದರು, ಅಷ್ಟು ನೆನಪಿದೆ ಎಂದರು. ಆದರೆ ತಾವು ಕಿಟಕಿಗೆ ಮುಖ ಒತ್ತಿ ಹುಡುಕಿದ್ದು ಪಶ್ಚಿಮವನ್ನಲ್ಲ, ತಮ್ಮ ಮನೆಯನ್ನು. ಲೆನಿನ್ ಚೌಕದಲ್ಲಿ, ಹಾವಿನ ಹಾಗೆ ಬಳುಕಿದ ಉದ್ದನೆಯ ವಸತಿ ಕಟ್ಟಡದಲ್ಲಿ ಅವರ ಮನೆಯಿತ್ತು. ಬಾಲ್ಕನಿಯಲ್ಲಿ ಕೆಂಪು ಬಕೆಟ್ಟೊಂದನ್ನು ಅವರು ಬೆಳಿಗ್ಗೆಯೇ ಇಟ್ಟು ಬಂದಿದ್ದರು, ಮೇಲಿನಿಂದ ಗುರುತು ಸಿಗಲೆಂದು. ಸಿಕ್ಕಿತೇ ಎಂದು ಕೇಳಿದರೆ, ಸಿಕ್ಕಿತು ಎಂದು ತಾನೂ ತಮ್ಮನೂ ಇವತ್ತಿಗೂ ಸಾಧಿಸುತ್ತೇವೆ ಎಂದರು.

ನಾನು ಆ ಉತ್ತರಕ್ಕೆ ಸಿದ್ಧಳಿರಲಿಲ್ಲ. ಬರ್ಲಿನ್ ಎಂದರೆ ಗೋಡೆ ಎಂದು ಓದಿಕೊಂಡು ಬಂದವರು ನಾವು. ಇಲ್ಲಿ ಬದುಕಿದವರಿಗೆ ಅದು ಶಾಲೆ, ತರಕಾರಿ ಅಂಗಡಿ, ಬಾಲ್ಕನಿಯ ಬಕೆಟ್ ಕೂಡ ಆಗಿತ್ತು. ಆಮೇಲೆ ಗಮನಿಸಿ ನೋಡಿದೆ: ಮೇಲೆ ಕೂತವರಲ್ಲಿ ಈ ಊರಿನವರು ಯಾರು, ಪ್ರವಾಸಿಗರು ಯಾರು ಎನ್ನುವುದು ಅವರ ಬೆರಳಿನಿಂದಲೇ ಗೊತ್ತಾಗುತ್ತದೆ. ಪ್ರವಾಸಿಗರ ಬೆರಳು ಸಂಸತ್ ಭವನವಾದ ರೈಖ್‌ಸ್ಟಾಗ್‌ನ ಗಾಜಿನ ಗುಮ್ಮಟದ ಕಡೆ ಹೋಗುತ್ತದೆ. ಊರಿನವರ ಬೆರಳು ಯಾವುದೋ ಹೆಂಚಿನ ಮಾಡಿನ ಕಡೆ, ಯಾವುದೋ ಹೊಗೆ ಕೊಳವೆಯ ಕಡೆ, ಅದರ ಎಡಕ್ಕೆ, ಅಲ್ಲ, ಇನ್ನೂ ಎಡಕ್ಕೆ.

ಆ ಲೆನಿನ್ ಚೌಕದ ಯೋಜನೆಯೂ ಹೆನ್‌ಸೆಲ್‌ಮನ್ ಅವರದೇ. 1970ರಲ್ಲಿ ಅಲ್ಲಿ ಕೆಂಪು ಗ್ರಾನೈಟಿನ 19 ಮೀಟರ್ ಎತ್ತರದ ಲೆನಿನ್ ನಿಂತ, 1991-92ರಲ್ಲಿ ಅವನನ್ನು ತುಂಡುತುಂಡಾಗಿ ಬಿಚ್ಚಿ ನಗರದಂಚಿನ ಕಾಡಿನಲ್ಲಿ ಹೂತರು. 2015ರಲ್ಲಿ ತಲೆಯನ್ನು ಮಾತ್ರ ಅಗೆದು ತೆಗೆದು ಶ್ಪಾಂಡಾವು ಕೋಟೆಯ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. ಚೌಕಕ್ಕೆ ಈಗ ವಿಶ್ವಸಂಸ್ಥೆಯ ಹೆಸರು. ಕಟ್ಟಡ ಮಾತ್ರ ಹಾಗೆಯೇ ಬಳುಕಿ ನಿಂತಿದೆ, ಜನ ವಾಸವಾಗಿದ್ದಾರೆ. ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ಕಣ್ಣು ಹೊರಳಿಸಿದರೆ ಕಾರ್ಲ್ ಮಾರ್ಕ್ಸ್ ಮಾರ್ಗ, ನೆಟ್ಟಗೆ ಪೂರ್ವಕ್ಕೆ ಹೋಗಿ ಫ್ರಾಂಕ್‌ಫರ್ಟ್ ದ್ವಾರದ ಜೋಡಿ ಗುಮ್ಮಟಗಳಲ್ಲಿ ಮುಗಿಯುತ್ತದೆ. ಅವುಗಳನ್ನು ರೂಪಿಸಿದವರೂ ಹೆನ್‌ಸೆಲ್‌ಮನ್ ಅವರೇ. ಮೊದಲು ಅದು ಸ್ಟಾಲಿನ್ ಮಾರ್ಗ. 1953ರ ಜೂನ್‌ನಲ್ಲಿ ಅಲ್ಲಿ ಇಟ್ಟಿಗೆ ಹೊರುತ್ತಿದ್ದ ಕಾರ್ಮಿಕರು ದಿನದ ಕೆಲಸದ ಗುರಿಯನ್ನು ಏರಿಸಿದ್ದಕ್ಕೆ ಮುಷ್ಕರ ಹೂಡಿದರು. ಮರುದಿನ ಜೂನ್ 17ರಂದು ದೇಶವೇ ಎದ್ದಿತು, ಸೋವಿಯತ್ ಟ್ಯಾಂಕುಗಳು ಬಂದವು. ಮೇಲಿನಿಂದ ಕಾಣುವುದು ಮರಗಳ ಸಾಲು, ಕೆನೆ ಬಣ್ಣದ ಹೆಂಚು ಹೊದಿಸಿದ ಗೋಡೆಗಳು. ತುಂಬ ಚೆಂದದ ರಸ್ತೆ ಅದು. ಆ ಚೆಂದವನ್ನು ಕಟ್ಟಿದವರ ಸಿಟ್ಟನ್ನು ನೆನೆಯದೆ ನಾನು ಅದನ್ನು ನೋಡಲಾರೆ.

ಗೋಪುರದ ಬುಡದಲ್ಲೇ ಇರುವ ಸಂತ ಮರಿಯಾ ಚರ್ಚನ್ನು ನೋಡಲು ಕತ್ತನ್ನು ಗಾಜಿಗೆ ಒತ್ತಿ ಇಳಿಬಿಡಬೇಕು. ಹದಿಮೂರನೆಯ ಶತಮಾನದ ಈ ಕೆಂಪು ಮಾಡಿನ ಚರ್ಚು ಸುತ್ತಲಿನ ಬಯಲಿಗೆ ಹೊಂದದೆ ಓರೆಯಾಗಿ ನಿಂತಿದೆ. ಅದು ಹೊಂದಿಕೊಂಡಿದ್ದ ಓಣಿಗಳು ಈಗಿಲ್ಲ. ನೆಲದ ಮೇಲೆ ನಡೆಯುವಾಗ ಈ ಓರೆ ಯಾರ ಗಮನಕ್ಕೂ ಬರುವುದಿಲ್ಲ. ಮೇಲಿನಿಂದ ಮಾತ್ರ, ಕಾಣದ ಓಣಿಗಳ ನಕ್ಷೆ ಆ ಒಂದು ಕಟ್ಟಡದ ಕೋನದಲ್ಲಿ ಉಳಿದಿರುವುದು ಗೊತ್ತಾಗುತ್ತದೆ.

ಸ್ಪ್ರೇ ನದಿಯ ಆಚೆಗಿನ ಅರಮನೆಯ ಕಥೆ ಇನ್ನೂ ಜಟಿಲ. ಯುದ್ಧದಲ್ಲಿ ಸುಟ್ಟ ಅರಸರ ಅರಮನೆಯನ್ನು ಪೂರ್ವ ಜರ್ಮನಿ 1950ರಲ್ಲಿ ಸಿಡಿಸಿ ಕೆಡವಿತು. ಅದೇ ಜಾಗದಲ್ಲಿ 1976ರಲ್ಲಿ ಕಂದು ಕನ್ನಡಿಗಾಜಿನ ಗಣರಾಜ್ಯದ ಅರಮನೆ ಬಂತು: ಒಳಗೆ ಸಂಸತ್ತು, ಜೊತೆಗೆ ಹೋಟೆಲುಗಳು, ಬೌಲಿಂಗ್ ಅಂಗಳ. 1990ರಲ್ಲಿ ಕಲ್ನಾರಿನ ಅಪಾಯವಿದೆಯೆಂದು ಅದನ್ನು ಮುಚ್ಚಿದರು, 2006ರಿಂದ 2008ರವರೆಗೆ ಕೆಡವಿದರು. ಈಗ ಹಳೆಯ ಅರಸರ ಅರಮನೆಯ ಮುಖವನ್ನೇ ಮತ್ತೆ ಕಟ್ಟಿ ಹಂಬೋಲ್ಟ್ ಫೋರಂ ಎಂದು ಕರೆದಿದ್ದಾರೆ. ನನ್ನ ಸಹೋದ್ಯೋಗಿ ಆ ಕಡೆ ಮೇಜು ಹೊರಳಿದಾಗ ಕತ್ತಿ ಚಮಚ ಕೆಳಗಿಟ್ಟು, ನಾನು ಬೌಲಿಂಗ್ ಕಲಿತ ಜಾಗ ಎಂದಷ್ಟೇ ಹೇಳಿದರು. ಆ ದನಿಯಲ್ಲಿ ಹಳೆಯ ಸರ್ಕಾರದ ಮೇಲಿನ ಮೋಹವೇನೂ ಇರಲಿಲ್ಲ. ತಮ್ಮ ಬಾಲ್ಯವನ್ನು ಅಳಿಸಿ, ತಾವು ಕಂಡೇ ಇರದ ಕಾಲವನ್ನು ಅಲ್ಲಿ ನಿಲ್ಲಿಸಿದ್ದಾರೆಂಬ ನೋವಿತ್ತು. ಅವರ ಪಕ್ಷವೇ ನನ್ನ ಪಕ್ಷ. ಕಲ್ನಾರನ್ನು ತೆಗೆದು ಆ ಕಟ್ಟಡವನ್ನು ಉಳಿಸಿಕೊಳ್ಳಬಹುದಿತ್ತು.

ಆ ಹೊಸ ಹಳೆಯ ಅರಮನೆಯ ಗುಮ್ಮಟದ ತುದಿಗೆ 2020ರಲ್ಲಿ ಚಿನ್ನದ ಬಣ್ಣದ ಶಿಲುಬೆಯನ್ನು ಏರಿಸಿದಾಗ ದೊಡ್ಡ ಚರ್ಚೆಯೇ ನಡೆಯಿತು. ಈ ಊರಿಗೆ ಶಿಲುಬೆಯ ಜಗಳ ಹೊಸದಲ್ಲ. ಗೋಪುರದ ಗುಂಡಿಗೆ ಹೊದಿಸಿರುವ ತುಕ್ಕು ಹಿಡಿಯದ ಉಕ್ಕಿನ ಹಲಗೆಗಳ ಮೇಲೆ ಬಿಸಿಲು ಬಿದ್ದರೆ ಹೊಳಪು ಶಿಲುಬೆಯ ಆಕಾರದಲ್ಲಿ ಕಾಣುತ್ತದೆ. ದೇವರನ್ನು ದೂರವಿಟ್ಟ ಸರ್ಕಾರದ ಹೆಮ್ಮೆಯ ಕಟ್ಟಡದ ಮೇಲೆ ಬಿಸಿಲಿದ್ದಾಗಲೆಲ್ಲ ಶಿಲುಬೆ! ಜನ ಅದನ್ನು ಪೋಪನ ಸೇಡು ಎಂದು ಕರೆದು ನಕ್ಕರು. ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ 1987ರ ಜೂನ್‌ನಲ್ಲಿ ಗೋಡೆಯ ಮುಂದೆ ನಿಂತು ಮಾಡಿದ ಪ್ರಸಿದ್ಧ ಭಾಷಣದಲ್ಲೂ ಇದರ ಮಾತು ಬಂದಿದೆ. ಒಳಗೆ ಕೂತು ಉಣ್ಣುವವರಿಗೆ ಆ ಶಿಲುಬೆ ಕಾಣುವುದಿಲ್ಲ, ಗೋಪುರವೂ ಕಾಣುವುದಿಲ್ಲ. ಐಫೆಲ್ ಗೋಪುರವನ್ನು ಸಹಿಸದ ಲೇಖಕ ಮೊಪಾಸಾ, ಅದು ಕಣ್ಣಿಗೆ ಬೀಳದ ಜಾಗ ಪ್ಯಾರಿಸ್ಸಿನಲ್ಲಿ ಇದೊಂದೇ ಎಂದು ಅದರ ಒಳಗೇ ಹೋಗಿ ಊಟ ಮಾಡುತ್ತಿದ್ದರೆಂಬ ಕಥೆಯುಂಟು. ಬರ್ಲಿನ್ನಿನ ಗೋಪುರವನ್ನು ದ್ವೇಷಿಸುವವರನ್ನು ನಾನು ಕಂಡಿಲ್ಲ. ಪೂರ್ವದವರು, ಪಶ್ಚಿಮದವರು ಇಬ್ಬರೂ ಅದನ್ನು ತಮ್ಮದೆನ್ನುತ್ತಾರೆ.

ಊಟದ ಮಾತು ಬಿಟ್ಟೇಹೋಯಿತು. ನಾವು ಹೋಗಿದ್ದು ಜೂನ್ ತಿಂಗಳಲ್ಲಿ, ಬಿಳಿ ಶತಾವರಿಯ ಕಾಲ ಮುಗಿಯುವ ಮುನ್ನ. ಜರ್ಮನರು ಶ್ಪಾರ್ಗೆಲ್ ಎಂದು ಜೀವ ಬಿಡುವುದು ಈ ತರಕಾರಿಗೆ. ಬರ್ಲಿನ್ನಿಗೆ ಅದು ನೈರುತ್ಯಕ್ಕಿರುವ ಬೀಲಿಟ್ಸ್ ಊರಿನ ಮರಳುನೆಲದಿಂದ ಬರುತ್ತದೆ. ಮೊಳಕೆಯ ಮೇಲೆ ಮಣ್ಣು ಏರಿಸಿ ಬಿಸಿಲು ತಾಗದಂತೆ ಬೆಳೆಸುವುದರಿಂದ ಬಿಳಿಯಾಗಿಯೇ ಉಳಿಯುತ್ತದೆ. ಜೂನ್ 24ಕ್ಕೆ ಕೊಯ್ಲು ನಿಲ್ಲಿಸುವುದು ವಾಡಿಕೆ. ಗಿಡ ಮುಂದಿನ ವರ್ಷಕ್ಕೆ ಚೇತರಿಸಿಕೊಳ್ಳಬೇಕಲ್ಲ. ಮಾಂಸ ತಿನ್ನದ ನನ್ನಂಥವರಿಗೆ ಬರ್ಲಿನ್ನಿನ ಹಳೆಯ ಅಡುಗೆಯಲ್ಲಿ ಸಿಗುವ ಕೆಲವೇ ಪೂರ್ಣ ಊಟಗಳಲ್ಲಿ ಇದೊಂದು: ಸಿಪ್ಪೆ ಹೆರೆದು ಬೇಯಿಸಿದ ಶತಾವರಿಯ ಕಡ್ಡಿಗಳು, ಪಕ್ಕದಲ್ಲಿ ಪುಟ್ಟ ಹೊಸ ಆಲೂಗಡ್ಡೆ, ಮೇಲೆ ಕರಗಿಸಿದ ಬೆಣ್ಣೆ. ಒಳ್ಳೆಯ ಕಡ್ಡಿಯಾದರೆ ತುದಿ ಬಾಯಲ್ಲಿ ಕರಗುತ್ತದೆ, ಬುಡ ಸಣ್ಣಗೆ ಕಹಿಯಾಡುತ್ತದೆ. ಅಂದಿನ ಕಡ್ಡಿಗಳು ಒಂದು ನಿಮಿಷ ಹೆಚ್ಚೇ ಬೆಂದಿದ್ದವು. ಆಲೂಗಡ್ಡೆ ಮಾತ್ರ ಹದವಾಗಿತ್ತು, ಮೇಲಿನ ತೆಳು ಸಿಪ್ಪೆ ಹಲ್ಲಿಗೆ ಸಿಕ್ಕು ಬಿರಿಯುತ್ತಿತ್ತು. ಪ್ರಶ್ಯದ ಅರಸ ಎರಡನೆಯ ಫ್ರೆಡರಿಕ್ ತನ್ನ ರೈತರಿಗೆ ಆಲೂಗಡ್ಡೆ ಬೆಳೆಯಿರೆಂದು ಆಜ್ಞೆ ಮಾಡಿದ್ದ. ಪೋಟ್ಸ್‌ಡಾಮ್‌ನಲ್ಲಿರುವ ಅವನ ಸಮಾಧಿಯ ಮೇಲೆ ಜನ ಈಗಲೂ ಆಲೂಗಡ್ಡೆ ಇಟ್ಟು ಬರುತ್ತಾರೆ. ನೈರುತ್ಯಕ್ಕೆ ಮೇಜು ಹೊರಳಿದಾಗ ಪೋಟ್ಸ್‌ಡಾಮ್ ಕಡೆಯ ಮಂಜು ಮಂಜಾದ ಕಾಡು ನೋಡುತ್ತ ಆ ಆಲೂಗಡ್ಡೆಯನ್ನು ತಿಂದೆ. ತಟ್ಟೆಯಲ್ಲಿರುವುದು ಬೆಳೆದ ನೆಲದ ಕಡೆಗೇ ಮುಖ ಮಾಡಿ ಉಣ್ಣುವ ಸುಖ ನೆಲದ ಮೇಲಿನ ಹೋಟೆಲುಗಳಲ್ಲಿ ಸಿಗುವುದಿಲ್ಲ. ರುಚಿ ಬಲ್ಲವರ ವಾದಕ್ಕೆ ನನ್ನ ಉತ್ತರ ಇದೇ.

ದಕ್ಷಿಣಕ್ಕೆ ಟೆಂಪೆಲ್‌ಹೋಫ್. ಮನೆಗಳ ಒತ್ತಿನ ನಡುವೆ ಇದ್ದಕ್ಕಿದ್ದಂತೆ ವಿಶಾಲವಾದ ಹಸಿರು ಬಯಲು, ಅದರಲ್ಲಿ ಎರಡು ನೀಳ ರನ್‌ವೇಗಳು. ಪಶ್ಚಿಮ ಬರ್ಲಿನ್ನಿನ ರಸ್ತೆ, ರೈಲು ದಾರಿಗಳನ್ನು ಮುಚ್ಚಿದ ಸೋವಿಯತ್ ದಿಗ್ಬಂಧನದ ಕಾಲದಲ್ಲಿ, 1948ರಿಂದ 49ರವರೆಗೆ, ಅಲ್ಲಿನವರ ಹಿಟ್ಟು, ಕಲ್ಲಿದ್ದಲು, ಹಾಲಿನ ಪುಡಿ ವಿಮಾನಗಳಲ್ಲಿ ಬಂದಿಳಿದ ಮುಖ್ಯ ನಿಲ್ದಾಣ ಅದು. 2008ರಲ್ಲಿ ವಿಮಾನಗಳು ನಿಂತವು. ಅಂಚಿನಲ್ಲಿ ಮನೆ ಕಟ್ಟೋಣವೆಂದು ನಗರಾಡಳಿತ ಹೊರಟಾಗ 2014ರ ಜನಮತದಲ್ಲಿ ಊರಿನವರು ಬೇಡ, ಬಯಲು ಬಯಲಾಗಿಯೇ ಇರಲಿ ಎಂದರು. ಈಗ ಅಲ್ಲಿ ಮಕ್ಕಳು ಗಾಳಿಪಟ ಹಾರಿಸುತ್ತಾರೆ, ಬಾನಾಡಿ ಹಕ್ಕಿಗಳು ಹುಲ್ಲಿನಲ್ಲಿ ಗೂಡು ಕಟ್ಟುತ್ತವೆ. ಬೆಂಗಳೂರಿನಲ್ಲಿ ಹುಟ್ಟಿದ ನನಗೆ, ಕೆರೆಯಂಗಳವೂ ನಿವೇಶನವಾಗುವುದನ್ನು ಕಂಡವಳಿಗೆ, ಇಡೀ ನೋಟದಲ್ಲಿ ಅತ್ಯಂತ ಬೆಲೆಬಾಳುವುದು ಈ ಖಾಲಿ ಜಾಗ.

ಬರ್ಲಿನ್ ಚಪ್ಪಟೆ ಊರು. ಅಲ್ಲಲ್ಲಿ ಕಾಣುವ ಗುಡ್ಡಗಳಲ್ಲಿ ಹಲವು ಯುದ್ಧದಲ್ಲಿ ಉರುಳಿದ ಮನೆಗಳ ಅವಶೇಷ. ಹತ್ತಿರದ ಫ್ರಿಡ್ರಿಖ್ಸ್‌ಹೈನ್ ಉದ್ಯಾನದ ದಿಬ್ಬಗಳ ಹೊಟ್ಟೆಯಲ್ಲಿ ವಿಮಾನ ಹೊಡೆಯುವ ತೋಪುಗಳಿದ್ದ ಕಾಂಕ್ರೀಟ್ ಕೋಟೆಗಳಿವೆ. ಪಶ್ಚಿಮದಂಚಿನ ಟಾಯ್ಫೆಲ್ಸ್‌ಬೆರ್ಗ್ ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದ ಗುಡ್ಡ, ಅದೂ ಇಟ್ಟಿಗೆ ಕಲ್ಲುಗಳ ರಾಶಿಯೇ. ನೆತ್ತಿಯ ಮೇಲೆ ಅಮೆರಿಕನ್ನರ ಕದ್ದಾಲಿಕೆ ಕೇಂದ್ರದ ಹರಿದ ಬಿಳಿ ಗುಮ್ಮಟಗಳು. ಗೋಪುರದಿಂದ ಮಾತು ಅಲೆಯಾಗಿ ಹೊರಡುತ್ತಿತ್ತು, ಆ ಗುಡ್ಡದಲ್ಲಿ ಕಿವಿಗಳು ಕಾದಿರುತ್ತಿದ್ದವು. ಅಲೆಗಳಿಗೆ ಗೋಡೆ ಯಾವ ಲೆಕ್ಕ? ಪೂರ್ವದ ಬಹುಪಾಲು ಮನೆಗಳಲ್ಲಿ ಸಂಜೆಯಾದರೆ ಪಶ್ಚಿಮದ ಟಿವಿ ಓಡುತ್ತಿತ್ತು, ಇಷ್ಟೆಲ್ಲ ಎತ್ತರದ ಗೋಪುರ ಕಟ್ಟಿದ ಮೇಲೂ.

ಗೋಡೆ ಎಲ್ಲಿತ್ತು ಎಂದು ಹೊಸಬರು ಕೇಳಿದರೆ ಇಲ್ಲಿಂದ ತೋರಿಸುವುದು ಕಷ್ಟ. ಬೆರ್ನಾವರ್ ಬೀದಿಯ ಸ್ಮಾರಕದ ಹಸಿರು ಪಟ್ಟಿ ಬಿಟ್ಟರೆ ಗಾಯ ಬಹುತೇಕ ಮಾಯ್ದಿದೆ. ನನ್ನ ಗುರುತು ಟ್ರಾಮ್. ಪಶ್ಚಿಮ ಬರ್ಲಿನ್ 1967ರ ಹೊತ್ತಿಗೆ ತನ್ನ ಟ್ರಾಮುಗಳನ್ನೆಲ್ಲ ತೆಗೆದುಹಾಕಿತು, ಪೂರ್ವ ಉಳಿಸಿಕೊಂಡಿತು. ಹಳದಿ ಟ್ರಾಮುಗಳು ಇವತ್ತಿಗೂ ಹೆಚ್ಚಾಗಿ ಪೂರ್ವದಲ್ಲೇ ಹರಿದಾಡುತ್ತವೆ, ಪಶ್ಚಿಮದೊಳಕ್ಕೆ ಕೆಲವೇ ಹಳಿಗಳು ಚಾಚಿವೆ. ಆ ಹುಡುಗನ ಕಾಗದದ ರೈಲು ಹಳದಿಯಾಗಿದ್ದುದು ಅದಕ್ಕೇ ಇರಬೇಕು. ಇನ್ನೊಂದು ಗುರುತು ರಾತ್ರಿಯ ದೀಪ. 2013ರಲ್ಲಿ ಗಗನಯಾತ್ರಿ ಕ್ರಿಸ್ ಹ್ಯಾಡ್‌ಫೀಲ್ಡ್ ಅಂತರಿಕ್ಷ ನಿಲ್ದಾಣದಿಂದ ತೆಗೆದ ಚಿತ್ರದಲ್ಲಿ ಪೂರ್ವದ ಬೀದಿಗಳು ಸೋಡಿಯಂ ದೀಪದ ಕಿತ್ತಳೆಯಲ್ಲಿ, ಪಶ್ಚಿಮದ ಬೀದಿಗಳು ಬಿಳಿಯಾಗಿ ಹೊಳೆಯುತ್ತವೆ. ವರ್ಷದಿಂದ ವರ್ಷಕ್ಕೆ ಎಲ್‌ಇಡಿ ದೀಪಗಳು ಬಂದು ಈ ಗುರುತೂ ಮಸುಕಾಗುತ್ತಿದೆ. ಜೂನ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆಗೆ. ಬಣ್ಣ ಗುರುತಿಸುವ ಆಸೆಯಿದ್ದರೆ ನವೆಂಬರ್‌ನಲ್ಲಿ ಬನ್ನಿ.

ಅಲೆಕ್ಸಾಂಡರ್‌ಪ್ಲಾಟ್ಸ್ ಸುತ್ತ ಈಗ ಕ್ರೇನುಗಳು ನಿಂತಿವೆ. 130 ಮೀಟರ್‌ನದೊಂದು, 150 ಮೀಟರ್‌ನದೊಂದು ಎಂದು ಹೊಸ ಕಟ್ಟಡಗಳ ಯೋಜನೆಗಳಿವೆ. ಅವುಗಳ ಮೇಲಿನ ಮಹಡಿಗಳ ನೋಟ ಕೊಂಡವರಿಗೆ ಮಾತ್ರ ಸಲ್ಲುತ್ತದೆ. ಟಿವಿ ಗೋಪುರದ ಮೇಜು ಹಾಗಲ್ಲ, ಟಿಕೆಟ್ ಕೊಂಡ ಯಾರು ಬೇಕಾದರೂ ಅಲ್ಲಿ ಕೂರಬಹುದು. ಆ ಟಿಕೆಟ್ಟು, ಆ ಬಿಲ್ಲು ಎರಡೂ ಸೇರಿದರೆ ಬಸ್ ಚಾಲಕನ ಮನೆಯವರಿಗೆ ಇಂದು ದುಬಾರಿ ಎನ್ನುವುದೇ ನನ್ನ ತಕರಾರು. ಊರಿನ ಮಕ್ಕಳಿಗೆ ಹದಿನಾಲ್ಕು ತುಂಬಿದ ವರ್ಷ ಒಂದು ಸಲ, ತಂದೆ ಎಲ್ಲಿ ಕೆಲಸ ಮಾಡುತ್ತಾನೆ ಎಂದು ಕೇಳದೆ, ಅಲ್ಲೊಂದು ಕುರ್ಚಿ, ಒಂದು ಬಟ್ಟಲು ಐಸ್‌ಕ್ರೀಮ್ ಕೊಡಬೇಕು. ನೊಯ್‌ಕೋಲ್ನ್‌ನ ಅರಬ್ ಮಕ್ಕಳಿಗೆ, ಮಾರ್ಟ್ಸಾನ್‌ನ ವಿಯೆಟ್ನಾಂ ಮೂಲದ ಮಕ್ಕಳಿಗೆ, ಇಲ್ಲೇ ಬೆಳೆಯುತ್ತಿರುವ ನಮ್ಮ ಕನ್ನಡದ ಮಕ್ಕಳಿಗೆ. ಇದನ್ನು ಹೇಳಿದಾಗ ನನ್ನ ಸಹೋದ್ಯೋಗಿ ತಕ್ಷಣ ಒಪ್ಪಿದರು, ಒಂದು ತಿದ್ದುಪಡಿಯೊಂದಿಗೆ: ಒಂದು ಗಂಟೆ ಸಾಲದು, ಮನೆ ಹುಡುಕಲಿಕ್ಕೇ ಒಂದು ಸುತ್ತು ಬೇಕು, ಎರಡನೆಯ ಸುತ್ತಿಗೂ ಅವರನ್ನು ಏಳಿಸಬಾರದು.